ಹೆಸರಿಗೊಂದು ವೀಸಾ

ಅಮೆರಿಕದ ಗಂಡನನ್ನು ಕಟ್ಟಿಕೊಂಡ ಹುಡುಗಿಗೆ ಅತ್ತೆ, ನಾದಿನಿ ಯಾರೂ ಕಾಟ ಕೊಡುವುದಿಲ್ಲ. ಕಾಟವೆಲ್ಲ ವೀಸಾ ಅರ್ಜಿಯಲ್ಲಿರುವ ಸರ್‌ನೇಮ್ ಎಂಬ ಖಾನೆಯದು. ನಮ್ಮ ಹಳೇ ಮೈಸೂರಿನ ಕಡೆ ಮನೆತನದ ಹೆಸರು ಅಪರೂಪ, ಇರುವುದು ಇನಿಷಿಯಲ್ಲು. ಊರಿನದೊಂದು, ಅಪ್ಪನದೊಂದು. ಹಾಸನದ ರಾಮಯ್ಯನ ಮಗಳು ಎಚ್.ಆರ್. ಸುಮಾ ಎಂದರೆ, ಅಲ್ಲಿಯವರು ಕಂಪನಿಯಲ್ಲಿ ಕೆಲಸ ಕೊಡುವ ವಿಭಾಗದವಳು ಅಂದುಕೊಂಡಾರು!

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿರೋ, ವೀಸಾದಲ್ಲಿ ಸುಮಾ ಆ ಖಾನೆಗೆ ಬಡ್ತಿ ಪಡೆಯುತ್ತಾಳೆ. ಅವಳ ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ನಾಮಕರಣದ ದಿನ ಸೋದರತ್ತೆ ಕಿವಿಯಲ್ಲಿ ಉಸುರಿದ್ದೆಲ್ಲ ನೀರಲ್ಲಿ ಹೋಮ.

ಸರಿ, ಗಂಡನ ಸರ್‌ನೇಮೇ ಇರಲಿ ಎಂದರೆ, ಅವನದೂ ಅವರಪ್ಪನ ಹೆಸರು, ಗೋವಿಂದಪ್ಪ! ಸುಮಾ ಈಗ ಮಿಸೆಸ್ ಗೋವಿಂದಪ್ಪ. ಅತ್ತೆಯವರು ಏನೆಂದುಕೊಳ್ಳಬೇಕು?

ಇಷ್ಟಾದರೂ ಬಿಡುಗಡೆಯಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಗಂಡ ಹಾಕುವ ಐ-130 ಅರ್ಜಿಯಲ್ಲಿ ಅವಳು ಹಿಂದೆ ಬಳಸಿದ ಹೆಸರುಗಳನ್ನೆಲ್ಲ ಒಪ್ಪಿಸಬೇಕು. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಸಹಸ್ರನಾಮಕ್ಕೆ ಸ್ವಲ್ಪ ಕಡಿಮೆ, ಅಷ್ಟೆ.

ತಮಾಷೆಯೆಂದರೆ, ಮದುವೆಯಾದವಳು ಹೆಸರು ಬದಲಿಸಲೇಬೇಕೆಂಬ ಕಾನೂನು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮದುವೆ ಪ್ರಮಾಣಪತ್ರವೊಂದು ಸರಿಯಿದ್ದರೆ ಹಳೆಯ ಹೆಸರಿನಲ್ಲೇ ವೀಸಾ ಕೇಳಬಹುದು. ಬದಲಿಸಲೇಬೇಕೆಂಬ ಹಟವಿದ್ದರೆ ಪಾಸ್‌ಪೋರ್ಟ್ ಮೊದಲು, ವೀಸಾ ಆಮೇಲೆ, ವಿಮಾನದ ಟಿಕೆಟ್ ಎಲ್ಲಕ್ಕಿಂತ ಕೊನೆಗೆ. ಇಷ್ಟು ನೆನಪಿಟ್ಟುಕೊಳ್ಳಿ, ಸುಖವಾಗಿರಿ.