ಶೀತಲರಾಯರು

ಕಾರನ್ನು ಓಡಿಸುವುದಕ್ಕಿಂತ ಅದರ ಬಾನೆಟ್ಟನ್ನು ತೆರೆದು ನಿಲ್ಲುವುದರಲ್ಲಿ ಹೆಚ್ಚಿನ ಸುಖವನ್ನು ಕಾಣುವವರು, ಸಂಗೀತವನ್ನು ಕೇಳುವುದಕ್ಕಿಂತ ಸ್ಪೀಕರಿನ ತಂತಿಗಳನ್ನು ಬದಲಾಯಿಸುತ್ತ ರಾತ್ರಿಗಳನ್ನು ಕಳೆಯುವವರು ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ಇದ್ದಾರೆ. ಆ ಸತ್ಪರಂಪರೆಗೆ ಈಚೆಗೆ ಸೇರ್ಪಡೆಯಾದ ಮಹನೀಯರ ವರ್ಗವೊಂದುಂಟು: ತಮ್ಮ ಕಂಪ್ಯೂಟರಿನಿಂದ ಯಾವ ಕಾರ್ಯವನ್ನು ಸಾಧಿಸಬೇಕೆಂಬ ವಿಷಯದಲ್ಲಿ ಇವರಿಗೆ ನಿಶ್ಚಿತವಾದ ಅಭಿಪ್ರಾಯವಾವುದೂ ಇರುವುದಿಲ್ಲ, ಅದನ್ನು ಎಷ್ಟು ತಣ್ಣಗಿರಿಸಬೇಕೆಂಬ ವಿಷಯದಲ್ಲಿ ಮಾತ್ರ ದಶಮಾಂಶ ಸ್ಥಾನದವರೆಗೂ ಅಭಿಪ್ರಾಯವಿರುತ್ತದೆ. ಈ ವರ್ಗಕ್ಕೆ ಸೇರಿದ ನಮ್ಮ ಪಕ್ಕದ ಮನೆಯ ತರುಣರೊಬ್ಬರನ್ನು, ತಂದೆತಾಯಿಗಳಿಟ್ಟ ಹೆಸರನ್ನು ಮರೆಮಾಚುವ ಸಲುವಾಗಿಯೂ ಅವರ ಸಾಧನೆಗೆ ಗೌರವವನ್ನು ತೋರುವ ಸಲುವಾಗಿಯೂ, ನಾನು ಶೀತಲರಾಯರೆಂದು ಕರೆಯುತ್ತೇನೆ.

ರಾಯರಿಗೆ ಮೂವತ್ತು ದಾಟಿದ ಪ್ರಾಯ. ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದೋ ಗಾಜಿನ ಕಟ್ಟಡದಲ್ಲಿ ಉದ್ಯೋಗ. ಕಚೇರಿಯ ಕೆಲಸಕ್ಕೆ ಕಚೇರಿಯವರೇ ಒಂದು ಲ್ಯಾಪ್‌ಟಾಪನ್ನು ದಯಪಾಲಿಸಿದ್ದಾರೆ. ಹೀಗಾಗಿ ಅವರ ಕೋಣೆಯ ಮೇಜಿನ ಮೇಲೆ ವಿರಾಜಮಾನವಾಗಿರುವ, ಒಂದು ಪಕ್ಕಕ್ಕೆ ಗಾಜನ್ನು ಕೂಡಿಸಿದ, ಒಳಗೆಲ್ಲ ಬಣ್ಣಬಣ್ಣದ ದೀಪಗಳು ಉರಿಯುವ, ಮನೆಮಂದಿಯೆಲ್ಲ ‘ಸಿಪಿಯು’ ಎಂದು ಕರೆಯುವ ಆ ದೊಡ್ಡ ಪೆಟ್ಟಿಗೆಗೆ ವಾರದ ಬಹುಭಾಗ ವಿಶ್ರಾಂತಿಯೇ. ಶನಿವಾರ ಭಾನುವಾರಗಳಲ್ಲಿ ಒಂದಿಷ್ಟು ಸಿನಿಮಾ, ಅಪರೂಪಕ್ಕೊಂದು ಆಟ. ಅಂತಹ ಒಂದು ಆಟದ ನಡುವೆ ತೆರೆಯ ಮೂಲೆಯಲ್ಲಿ 88 ಎಂಬ ಸಂಖ್ಯೆ ಅವರ ಕಣ್ಣಿಗೆ ಬಿದ್ದದ್ದೇ ಮುಂದಿನ ಸಕಲ ಪ್ರಕರಣಕ್ಕೂ ಮೂಲ. ಅದು ಪ್ರೊಸೆಸರಿನ ಉಷ್ಣತೆ, ಸೆಲ್ಸಿಯಸ್ ಡಿಗ್ರಿಗಳಲ್ಲಿ. ಆ ಪ್ರೊಸೆಸರು 100 ಡಿಗ್ರಿಯವರೆಗೆ ತಾಳುವಂತೆ ನಿರ್ಮಿತವಾದದ್ದು, 100ನ್ನು ಮುಟ್ಟಿದರೂ ಸುಟ್ಟುಹೋಗದೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಪ್ರಾಣವನ್ನು ಉಳಿಸಿಕೊಳ್ಳತಕ್ಕ ವಿವೇಕವುಳ್ಳದ್ದು ಎಂಬುದು ರಾಯರಿಗೆ ತಿಳಿಯದ ಸಂಗತಿಯಲ್ಲ. ತಿಳಿದಿದ್ದರೂ ಆ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಹಿಂದಿನ ವಾರವಷ್ಟೇ ತಾಯಿಗೆ 101 ಡಿಗ್ರಿ ಜ್ವರ ಬಂದಾಗ ‘ಒಂದು ಮಾತ್ರೆ ತಗೊಂಡು ಮಲಕ್ಕೋಮ್ಮ’ ಎಂದು ಹೇಳಿ ಸುಖವಾಗಿ ನಿದ್ರಿಸಿದ್ದವರೂ ಇವರೇ ಎಂಬುದನ್ನು, ಆಕ್ಷೇಪಣೆಗಾಗಿಯಲ್ಲ, ಚಿತ್ರದ ಪೂರ್ಣತೆಗಾಗಿ ಹೇಳುತ್ತಿದ್ದೇನೆ.

ಬೆಳಗಾಗುವುದರೊಳಗೆ ರಾಯರು ಒಂದು ನಿರ್ಣಯಕ್ಕೆ ಬಂದಿದ್ದರು: ಗಾಳಿಯಿಂದ ತಣಿಸುವುದು ಪಾಮರರ ಮಾರ್ಗ, ನೀರೇ ಗತಿ. ಶಾಸ್ತ್ರ ಅವರ ಪಕ್ಷದಲ್ಲಿಯೇ ಇದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.18 ಜೂಲ್‌ಗಳಷ್ಟು ಶಾಖ ಬೇಕು. ಗಾತ್ರಕ್ಕೆ ಗಾತ್ರವನ್ನಿಟ್ಟು ನೋಡಿದರೆ ನೀರು ಗಾಳಿಗಿಂತ ಮೂರು ಸಾವಿರಕ್ಕೂ ಮಿಕ್ಕ ಪಟ್ಟು ಶಾಖವನ್ನು ಹೊರಬಲ್ಲುದು. ಪ್ರೊಸೆಸರಿನ ನೆತ್ತಿಯ ಮೇಲೆ ಕೂಡಿಸಿದ ತಾಮ್ರದ ಬ್ಲಾಕಿನೊಳಗೆ ಕೂದಲೆಳೆಯಷ್ಟು ಸೂಕ್ಷ್ಮವಾದ ಸೀಳುಗಳಿರುತ್ತವೆ. ಅವುಗಳ ನಡುವೆ ಹರಿದು ಶಾಖವನ್ನು ಹೀರಿಕೊಂಡ ನೀರು, ಕೊಳವೆಯಲ್ಲಿ ಸಾಗಿ ರೇಡಿಯೇಟರನ್ನು ಸೇರಿ, ಅಲ್ಲಿ ಫ್ಯಾನುಗಳ ಗಾಳಿಗೆ ತನ್ನ ಹೊರೆಯನ್ನು ಒಪ್ಪಿಸಿ, ಪಂಪಿನ ಬಲದಿಂದ ಮತ್ತೆ ಬ್ಲಾಕಿಗೆ ಮರಳುತ್ತದೆ. ‘ಹಾಗಾದರೆ ಕಡೆಗೂ ಫ್ಯಾನೇ ಬೇಕಾಯಿತಲ್ಲ?’ ಎಂದು ನಾನು ಕೇಳಿದೆ. ರಾಯರು ನನ್ನನ್ನು ಕರುಣೆಯಿಂದ ನೋಡಿ, ಉತ್ತರಕ್ಕೆ ಬದಲಾಗಿ ನನ್ನನ್ನು 1985ನೆಯ ಇಸವಿಗೆ ಕರೆದೊಯ್ದರು. ಆ ವರ್ಷ ಅಮೆರಿಕೆಯಲ್ಲಿ ಹೊರಬಂದ ಕ್ರೇ-2 ಎಂಬ ಮಹಾಗಣಕದಲ್ಲಿ, ಅದರ ಶಿಲ್ಪಿಯಾದ ಸೀಮೋರ್ ಕ್ರೇ, ವಿದ್ಯುತ್ತನ್ನು ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದೊಳಗೆ ವಿದ್ಯುನ್ಮಂಡಲಗಳನ್ನೆಲ್ಲ ಮುಳುಗಿಸಿಯೇ ಇಟ್ಟಿದ್ದನಷ್ಟೆ. ಪರಮಾಣುಶಾಸ್ತ್ರದ ಗಹನವಾದ ಲೆಕ್ಕಗಳನ್ನು ಮಾಡುತ್ತಿದ್ದ ಆ ಯಂತ್ರದಿಂದ, ಶನಿವಾರ ಸಿನಿಮಾ ತೋರಿಸುವ ಈ ಯಂತ್ರದವರೆಗೆ ರಾಯರು ವಂಶಾವಳಿಯನ್ನು ಎಳೆದ ನೈಪುಣ್ಯಕ್ಕೆ ತಲೆದೂಗಿ ನಾನು ಸುಮ್ಮನಾದೆ.

ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗಗಳೆಂದರೆ ಎಸ್.ಪಿ. ರಸ್ತೆ. ಸಾದರ ಪತ್ರಪ್ಪನವರ ಪೂರ್ಣನಾಮವನ್ನು ಈಗ ಅಲ್ಲಿ ವ್ಯಾಪಾರ ಮಾಡುವವರೂ ಉಚ್ಚರಿಸುವುದಿಲ್ಲ. ರಾಯರು ಅಲ್ಲಿಗೆ ಹೋಗಿ ತಮ್ಮ ಸಂಕಲ್ಪವನ್ನು ವಿವರಿಸಿದಾಗ ಅಂಗಡಿಯ ಹುಡುಗ, ‘ಎಐಓ ತಗೊಳ್ಳಿ ಸಾರ್. ನೀರು ಕಂಪನಿಯವರೇ ತುಂಬಿ ಸೀಲ್ ಮಾಡಿರ್ತಾರೆ. ಅರ್ಧ ಗಂಟೇಲಿ ಫಿಟ್ ಮಾಡ್ಕೊಡ್ತೀವಿ’ ಎಂದನಂತೆ. ಸ್ವಯಂಪಾಕದ ವ್ರತವನ್ನು ಹಿಡಿದವರಿಗೆ ಹೋಟೆಲಿನ ಪೊಟ್ಟಣವನ್ನು ತೋರಿಸಿದಷ್ಟು ಅವಮಾನವಾಯಿತು ರಾಯರಿಗೆ. ಅವರಿಗೆ ಬೇಕಾಗಿದ್ದುದು ಕಸ್ಟಮ್ ಲೂಪ್; ಬ್ಲಾಕು, ಪಂಪು, ರಿಸರ್ವಾಯರು, ರೇಡಿಯೇಟರು, ಕೊಳವೆ, ಕೊಳವೆಯ ಪ್ರತಿಯೊಂದು ತುದಿಯನ್ನೂ ಬಿಗಿಹಿಡಿಯುವ ಫಿಟಿಂಗು, ಎಲ್ಲವನ್ನೂ ಬೇರೆಬೇರೆಯಾಗಿ ಆರಿಸಿ ತಾವೇ ಜೋಡಿಸುವುದರಲ್ಲಿಯೇ ಅದರ ಮಹಿಮೆ. ಮುಂದೆ ವಾರಗಟ್ಟಲೆ ಅವರ ಮನೆಯ ಮುಂದೆ ಕೊರಿಯರಿನವರು ಸಾಲುಗಟ್ಟಿದರು. ಅಡಕೆಯ ಗಾತ್ರದ ಆ ಫಿಟಿಂಗುಗಳ ಒಟ್ಟು ಬೆಲೆ ಪಂಪಿನ ಬೆಲೆಯನ್ನು ಮೀರಿತು. ಅಗ್ಗವಾಗಿ ಸಿಕ್ಕಿತೆಂದು ಬಂದಿಳಿದ ರೇಡಿಯೇಟರೊಂದು ಅಲ್ಯೂಮಿನಿಯಮ್ಮಿನದೆಂದು ತಿಳಿದ ಕೂಡಲೇ ಹಿಂದಕ್ಕೆ ಹೋಯಿತು. ಏಕೆಂದರೆ ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ಒಂದೇ ನೀರಿನಲ್ಲಿ ಸೇರಿಸಿದರೆ ಅವೆರಡೂ ಕೂಡಿ ವಿದ್ಯುತ್ಕೋಶವಾಗಿ ಪರಿಣಮಿಸಿ, ಅಲ್ಯೂಮಿನಿಯಮ್ಮು ದಿನೇ ದಿನೇ ಕರಗುತ್ತ ಹೋಗುತ್ತದೆ. ಜಾತಕ ಕೂಡದಿದ್ದುದಕ್ಕೆ ಮಗನೇ ಒಂದು ಸಂಬಂಧವನ್ನು ಹಿಂದಕ್ಕೆ ಕಳುಹಿಸಿದ್ದು ಇದೇ ಮೊದಲೆಂದು ಅವರ ತಂದೆ ವೃತ್ತಪತ್ರಿಕೆಯ ಮರೆಯಿಂದ ನುಡಿದರು. ತಾಯಿ ಲೆಕ್ಕವನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: ‘ಈ ದುಡ್ಡಿಗೆ ಒಂದು ಫ್ರಿಜ್ಜೇ ಬರ್ತಿತ್ತಲ್ಲೋ.’

ಸಾಮಗ್ರಿ ಕೂಡಿದ ಮೇಲೆ ನಕ್ಷೆಯ ಪರ್ವ ಆರಂಭವಾಯಿತು. ನೀರು ಮೊದಲು ರೇಡಿಯೇಟರಿಗೆ ಹೋಗಿ ಆಮೇಲೆ ಬ್ಲಾಕಿಗೆ ಬರಬೇಕೋ, ಮೊದಲು ಬ್ಲಾಕಿಗೆ ಬಂದು ಆಮೇಲೆ ರೇಡಿಯೇಟರಿಗೆ ಹೋಗಬೇಕೋ ಎಂಬ ಪ್ರಶ್ನೆಯ ಮೇಲೆ ರಾಯರು ಕೆಂಪು ನೀಲಿ ಶಾಯಿಗಳಲ್ಲಿ ಬರೆದು ಹರಿದ ಕಾಗದಗಳಿಗೆ ಮಿತಿಯಿಲ್ಲ. ವಾಸ್ತವವಾಗಿ, ನೀರು ನಿಮಿಷಕ್ಕೆ ಹಲವು ಬಾರಿ ಸುತ್ತಿಬರುವ ಈ ವ್ಯವಸ್ಥೆಯಲ್ಲಿ ಎಲ್ಲಿ ಮುಟ್ಟಿ ನೋಡಿದರೂ ಅದರ ಉಷ್ಣತೆಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲವಾಗಿ, ಯಾವುದು ಮುಂದು ಯಾವುದು ಹಿಂದು ಎಂಬುದು ನಿರರ್ಥಕವಾದ ಚರ್ಚೆ. ಮೀರಬಾರದ ನಿಯಮ ಒಂದೇ: ರಿಸರ್ವಾಯರಿನ ನೀರು ತಾನಾಗಿ ಪಂಪಿಗೆ ಇಳಿದುಬರುವಂತಿರಬೇಕು, ಆ ಪಂಪಿನ ಬೇರಿಂಗಿಗೆ ನೀರೇ ಎಣ್ಣೆಯಾದುದರಿಂದ ಬರಿದಾಗಿ ಓಡಿದರೆ ಅದರ ಆಯುಸ್ಸು ಅಲ್ಪ. ರಾಯರಿಗೆ ಇದನ್ನೆಲ್ಲ ಮೊದಲ ದಿನವೇ ಬಲ್ಲವರು ಹೇಳಿದ್ದರು. ಆದರೆ ಒಂದೇ ವಾಕ್ಯದಲ್ಲಿ ಮುಗಿದುಹೋಗುವ ಸಮಸ್ಯೆಗಾಗಿ ಯಾರು ತಾನೇ ಇಷ್ಟೊಂದು ಹಣವನ್ನು ವ್ಯಯಿಸುತ್ತಾರೆ?

ನೀರಿನ ಆಯ್ಕೆಯೂ ಸರಳವಾಗಿ ನಡೆಯಲಿಲ್ಲ. ಟಿ.ಕೆ. ಹಳ್ಳಿಯಿಂದ ಸುಮಾರು 100 ಕಿಲೋಮೀಟರುಗಳ ದೂರವನ್ನು ಕ್ರಮಿಸಿ, ಗುಡ್ಡವೇರಿ ಬರುವ ಕಾವೇರಿಯೂ ಆಗದು, ಪಾತ್ರೆಗೆ ಬಿಳಿಯ ಕರೆ ಕಟ್ಟಿಸುವ ಬೋರ್‌ವೆಲ್ಲಿನ ನೀರಂತೂ ಆಗಲೇ ಆಗದು. ಲವಣಗಳ ಲವಲೇಶವಿಲ್ಲದ ಡಿಸ್ಟಿಲ್ಡ್ ವಾಟರೇ ಆಗಬೇಕು. ಬ್ಯಾಟರಿ ಅಂಗಡಿಯವನು 5 ಲೀಟರಿನ ಕ್ಯಾನನ್ನು ಮುಂದಿಡುತ್ತ ‘ಯಾವ ಇನ್ವರ್ಟರು ಸಾರ್?’ ಎಂದು ಕೇಳಿದ ಪ್ರಶ್ನೆಗೆ ರಾಯರು ಉತ್ತರಿಸದೆ ಬಂದರು. ಆ ನೀರಿಗೆ ಬೆರೆಸಲು, ತುಕ್ಕು ಹಿಡಿಯದಂತೆ ಒಂದು ದ್ರವ, ಪಾಚಿ ಕಟ್ಟದಂತೆ ಮತ್ತೊಂದು ದ್ರವ, ನೋಡಲು ಅಂದವಾಗಿರಲೆಂದು ಗುಲಾಬಿ ಬಣ್ಣ. ಪಾಚಿಯ ಮಾತು ಕಿವಿಗೆ ಬಿದ್ದೊಡನೆ ತಾಯಿ ದೇವರ ಮನೆಯಿಂದ, ಕಾಶಿಯಿಂದ ತಂದ ಗಂಗೆಯ ತಾಮ್ರದ ಗಿಂಡಿಯನ್ನೇ ಎತ್ತಿಕೊಂಡು ಬಂದರು. ‘ನಿಮ್ಮಜ್ಜಿ ಕಾಲದ್ದು. ಇದುವರೆಗೂ ಪಾಚಿ ಕಟ್ಟಿಲ್ಲ ನೋಡು.’ ತಾಮ್ರದ ಅಯಾನುಗಳಿಗೆ ಪಾಚಿಯನ್ನು ತಡೆಯುವ ಗುಣವಿರುವುದರಿಂದ ಆಕೆಯ ವಾದ ತೀರ ಅಶಾಸ್ತ್ರೀಯವೇನೂ ಆಗಿರಲಿಲ್ಲ. ರಾಯರು ಒಂದು ಕ್ಷಣ ಯೋಚಿಸಿದರೆಂಬುದಕ್ಕೆ ನಾನೇ ಸಾಕ್ಷಿ.

ಜೋಡಣೆಯ ದಿನ ಕೋಣೆಯ ಬಾಗಿಲು ಮುಚ್ಚಿತ್ತು. ಕೊಳವೆಯ ತುದಿಯನ್ನು ವಾರೆಯಾಗದಂತೆ ಕತ್ತರಿಸುವುದು, ಫಿಟಿಂಗಿನ ಮೂತಿಗೆ ಅದನ್ನು ಒತ್ತಿ ಕೂಡಿಸುವುದು, ಉಂಗುರವನ್ನು ಕೈಯಿಂದಲೇ ಬಿಗಿಯುವುದು. ಸ್ಪ್ಯಾನರನ್ನು ಮುಟ್ಟಿದರೆ ರಬ್ಬರಿನ ವಾಶರು ನಲುಗುತ್ತದೆ. ಸೋರಿಕೆಯ ಪರೀಕ್ಷೆಗೆ ಇನ್ನೊಂದು ಗುಟ್ಟುಂಟು: ಪವರ್ ಸಪ್ಲೈಯ ಪ್ಲಗ್ಗುಗಳಲ್ಲಿ ಪಂಪಿನದೊಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತು, ಮದರ್‌ಬೋರ್ಡಿನ 24 ಪಿನ್ನಿನ ಪ್ಲಗ್ಗಿನ ಹಸಿರು ತಂತಿಗೂ ಒಂದು ಕಪ್ಪು ತಂತಿಗೂ ತುಂಡು ತಂತಿಯಿಂದ ಸೇತುವೆ ಕಟ್ಟಿದರೆ, ಬೆಲೆಬಾಳುವ ಭಾಗಗಳೆಲ್ಲ ನಿದ್ರಿಸುತ್ತಿರುವಂತೆಯೇ ಪಂಪೊಂದು ಮಾತ್ರ ಎಚ್ಚರಗೊಳ್ಳುತ್ತದೆ. ರಿಸರ್ವಾಯರನ್ನು ತುಂಬುವುದು, ಪಂಪನ್ನು ಕ್ಷಣಕಾಲ ಓಡಿಸುವುದು, ಮಟ್ಟ ಇಳಿದೊಡನೆ ನಿಲ್ಲಿಸಿ ಮತ್ತೆ ತುಂಬುವುದು, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಹೊರಬೀಳುವಂತೆ ಇಡೀ ಪೆಟ್ಟಿಗೆಯನ್ನು ಅತ್ತಿತ್ತ ಓಲಾಡಿಸುವುದು, ಇವುಗಳಲ್ಲೇ ಮಧ್ಯರಾತ್ರಿಯಾಯಿತು. ಆಮೇಲೆ ಒಂದೊಂದು ಕೀಲಿನ ಕೆಳಗೂ ಬಿಳಿಯ ಟಿಶ್ಯೂ ಕಾಗದವನ್ನು ಹಾಸಿ, ರಾಯರು ಟಾರ್ಚನ್ನು ಹಿಡಿದು ಜಾಗರಣೆಗೆ ಕುಳಿತರು.

ಬೆಳಗಿನ ಜಾವ ಅವರು ಕೂಗಿದ ಕೂಗಿಗೆ ನಮ್ಮ ಮನೆಯ ದೀಪವೂ ಹತ್ತಿತು. ಕಾಗದದ ಮೇಲೆ ಒದ್ದೆಯ ಕಲೆ! ನಾವು ಹೋಗಿ ನೋಡುವಾಗ ರಾಯರು ಭೂತಗನ್ನಡಿಯೊಡನೆ ಬಗ್ಗಿದ್ದರು. ಕೀಲುಗಳೆಲ್ಲ ಒಣಗಿದ್ದವು. ಲೂಪಿನ ನೀರು ಗುಲಾಬಿ. ಈ ಕಲೆಗೆ ಬಣ್ಣವಿರಲಿಲ್ಲ. ತರ್ಕವು ಈ ಹಂತವನ್ನು ಮುಟ್ಟಿದಾಗ ಎರಡನೆಯ ಹನಿ ರಾಯರ ಕುತ್ತಿಗೆಯ ಮೇಲೆಯೇ ಬಿತ್ತು. ಎಲ್ಲರೂ ತಲೆಯೆತ್ತಿದೆವು. ಮಹಡಿಯ ಬಚ್ಚಲ ಮನೆಯ ಪೈಪು ಸೋರಿ, ಕೋಣೆಯ ತಾರಸಿಯಲ್ಲಿ ತಟ್ಟೆಯಗಲ ತೇವ ಹಬ್ಬಿತ್ತು. ‘ದೀಪಾವಳಿಯಿಂದ ಬಡ್ಕೋತಾ ಇದೀನಿ, ಪ್ಲಂಬರ್‌ನ ಕರ್ಸು ಅಂತ’ ಎಂದು ತಾಯಿ ಹೇಳಿದರು. ರಾಯರ ಮುಖದಲ್ಲಿ ಆಗ ಮೂಡಿದುದು ಪಶ್ಚಾತ್ತಾಪವಲ್ಲ, ನಿರ್ಮಲವಾದ ಆನಂದ: ಲೂಪು ಸೋರಿಲ್ಲ, ಮನೆ ಮಾತ್ರ ಸೋರುತ್ತಿದೆ!

ಪ್ಲಂಬರು ‘ನಾಳೆ ಬರ್ತೀನಿ’ ಎಂದು ಹೇಳುತ್ತಲೇ ಇದ್ದ ಆ ದಿನಗಳಲ್ಲಿ ಯಂತ್ರ ತನ್ನ ಪೂರ್ಣವೈಭವದಿಂದ ಓಡತೊಡಗಿತು. ಅದರ ಸಾಮರ್ಥ್ಯವನ್ನು ಪರೀಕ್ಷಿಸಲು ರಾಯರು ಪ್ರೈಮ್95 ಎಂಬ ತಂತ್ರಾಂಶವನ್ನು ಹಚ್ಚಿದರು. ಅದನ್ನು ರಚಿಸಿದ್ದು ಮಹತ್ತರವಾದ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ. ಪ್ರೊಸೆಸರನ್ನು ಅದು ದಣಿಸಿದಂತೆ ದಣಿಸುವ ತಂತ್ರಾಂಶಗಳು ವಿರಳವಾದುದರಿಂದ ರಾಯರಂಥವರು ಅದನ್ನು ಬಿಸಿ ಹುಟ್ಟಿಸುವುದಕ್ಕೆ ಬಳಸುತ್ತಾರೆ. ಬಿಸಿಯನ್ನು ಬೇಕೆಂದೇ ಹುಟ್ಟಿಸಿ, ಅದು ಆರುವುದನ್ನು ನೋಡಿ ಹಿಗ್ಗುವುದು! 88 ಇದ್ದುದು 67ಕ್ಕೆ ಇಳಿಯಿತೆಂದು ಬೀದಿಗೆಲ್ಲ ವರದಿಯಾಯಿತು. ಅದು ಏಪ್ರಿಲ್ ತಿಂಗಳು, ಹೊರಗೆ 35 ಡಿಗ್ರಿ. ರೇಡಿಯೇಟರು ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ನೀರನ್ನು ಮಾಡಲಾರದು; ಪ್ರೊಸೆಸರಿನಿಂದ ಅದು ಹೊರತೆಗೆದ ಶಾಖವಾದರೂ ಎಲ್ಲಿಯೂ ಮಾಯವಾಗದೆ ಅದೇ ಕೋಣೆಯ ಗಾಳಿಯಲ್ಲಿಯೇ ಉಳಿಯುತ್ತದೆ. ಕಿಟಕಿಯನ್ನು ತೆರೆದರೆ ಧೂಳು ರೇಡಿಯೇಟರಿನ ರೆಕ್ಕೆಗಳಿಗೆ ಕೂರುತ್ತದೆಂದು ರಾಯರು ಕಿಟಕಿಯನ್ನು ಮುಚ್ಚಿಸಿದ್ದರು. ಹೀಗಾಗಿ, ಯಂತ್ರದ ತಾಪವನ್ನೆಲ್ಲ ತಾವೇ ಸ್ವೀಕರಿಸಿ, ಬನಿಯನ್ನು ತೊಯ್ದು ಮೈಗಂಟಿದ ಸ್ಥಿತಿಯಲ್ಲಿ ಅವರು 67 ಎಂಬ ಸಂಖ್ಯೆಯನ್ನು ನೋಡುತ್ತ ಕುಳಿತಿರುತ್ತಿದ್ದರು.

ಕೊನೆಗೊಂದು ಭಾನುವಾರ ಪ್ಲಂಬರು ಬಂದ. ತಾರಸಿಯನ್ನು ನೋಡಲೆಂದು ಕೋಣೆಗೆ ಬಂದವನು ಗಾಜಿನೊಳಗೆ ಹರಿಯುವ ಗುಲಾಬಿ ನೀರನ್ನು ಕಂಡು, ಚೀಲವನ್ನು ಕೆಳಗಿಟ್ಟು, ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಇದೇನು, ಎಷ್ಟಾಯಿತು, ಏಕೆ ಎಂದು ಲೋಕದವರೆಲ್ಲ ಕೇಳುವ ಪ್ರಶ್ನೆಗಳಲ್ಲಿ ಒಂದನ್ನೂ ಆತ ಕೇಳಲಿಲ್ಲ.

‘ಟ್ಯಾಂಕು ಮೋಟರಿಗಿಂತ ಮೇಲಿಟ್ಟಿದೀರ. ಸರಿಯಾಗಿದೆ ಸಾರ್.’

ರಾಯರ ಕಣ್ಣಿನಲ್ಲಿ ನೀರು ಬರುವುದೊಂದು ಮಾತ್ರ ಬಾಕಿ.

‘ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿಲ್ವಲ್ಲ ಸಾರ್?’

‘ಬೇಡ. ಒಳಗೆ ಓ-ರಿಂಗ್ ಇದೆ.’

‘ಬರೀ ವಾಶರ್ ನಂಬ್ಕೊಂಡಿದೀರ!’ ಎಂದು ಆತ ಮರುಗಿ, ಪೆಟ್ಟಿಗೆಯ ತಳವನ್ನು ಬಗ್ಗಿ ನೋಡಿ, ಮತ್ತೆ ಕೇಳಿದ: ‘ಡ್ರೈನ್ ವಾಲ್ವ್ ಎಲ್ಲಿ ಸಾರ್? ಕ್ಲೀನ್ ಮಾಡ್ಬೇಕಾದ್ರೆ ಈ ನೀರನ್ನ ಹೆಂಗೆ ಬಿಡ್ತೀರಿ?’

ಕೋಣೆಯಲ್ಲಿ ಪಂಪಿನ ಸದ್ದೊಂದೇ ಕೇಳುತ್ತಿತ್ತು. ವರ್ಷಕ್ಕೊಮ್ಮೆಯಾದರೂ ಆ ನೀರನ್ನು ಬದಲಾಯಿಸಬೇಕೆಂಬುದನ್ನು ರಾಯರು ನನಗೆ ಎಷ್ಟೋ ಬಾರಿ ಬೋಧಿಸಿದ್ದರು. ಕೆಂಪು ನೀಲಿ ನಕ್ಷೆಗಳಲ್ಲಿ ಅದು ಒಳಗೆ ಹೋಗುವ ದಾರಿ ಇತ್ತು, ಹೊರಗೆ ಬರುವ ದಾರಿ ಒಂದರಲ್ಲಿಯೂ ಇರಲಿಲ್ಲ. ಪ್ಲಂಬರು ಸಮಾಧಾನದ ಧ್ವನಿಯಲ್ಲಿ, ‘ಕೆಳಗಡೆ ಒಂದು ಟೀ ಹಾಕಿ, ಒಂದು ವಾಲ್ವ್ ಕೂರ್ಸಿದ್ರೆ ಆಯ್ತು ಸಾರ್’ ಎಂದು ಹೇಳಿ, ಮಹಡಿಗೆ ಹೋಗಿ, ಬಚ್ಚಲ ಮನೆಯ ಪೈಪನ್ನು ಅರ್ಧ ಗಂಟೆಯೊಳಗೆ ಸರಿಮಾಡಿ, ಸೋರುತ್ತದೆಯೋ ನೋಡಲು ಓವರ್‌ಹೆಡ್ ಟ್ಯಾಂಕನ್ನು ತುಂಬಿಸಿರೆಂದು ತಾಯಿಗೆ ತಿಳಿಸಿ, ನೇರವಾಗಿ ಮತ್ತೆ ಕೋಣೆಗೆ ಬಂದ. ಟೀಯನ್ನು ಪಂಪಿನ ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ ಎಂಬ ವಿಚಾರ ಆರಂಭವಾಯಿತು. ಕಾಫಿ ಬಂದಿತು, ಆರಿತು. ರಾಯರು ಹೊಸ ಕಾಗದವನ್ನು ತೆಗೆದರು. ಇಬ್ಬರ ತಲೆಗಳೂ ಅದರ ಮೇಲೆ ಕೂಡಿದ್ದಾಗ ಹಿತ್ತಲಿನಿಂದ ತಾಯಿಯ ಕೂಗು ಕೇಳಿಸಿತು:

‘ಮೋಟರ್ ಆಫ್ ಮಾಡೋ! ನೀರು ತುಂಬಿ ಹರೀತಾ ಇದೆ!’

ರಾಯರು ಒಂದೇ ನೆಗೆತಕ್ಕೆ ಮೇಜಿನ ಹಿಂಬದಿಯನ್ನು ಸೇರಿ, ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗಾಜಿಗೆ ಮುಖವನ್ನೊತ್ತಿ ಒಂದೊಂದು ಕೀಲನ್ನೂ ಪರೀಕ್ಷಿಸತೊಡಗಿದರು. ಅಡಿಗೆ ಮನೆಯ ಪಕ್ಕದ ಮೋಟರಿನ ಸ್ವಿಚ್ಚನ್ನು ಪ್ಲಂಬರೇ ಹೋಗಿ ಆರಿಸಬೇಕಾಯಿತು.