ತವಾ ಕಂಪನಿಯವರಿಗೆ ಅಸೂಟಿಯಿಂದ ಒಂದು ಬಹಿರಂಗ ಪತ್ರ

ನಾನ್‌ಸ್ಟಿಕ್ ತವಾ ತಯಾರಿಸುವ ಎಲ್ಲ ಕಂಪನಿಗಳ ಮಾಲೀಕರಿಗೆ,

ನಾನು ರೋಣ ತಾಲ್ಲೂಕಿನ ಅಸೂಟಿಯವಳು.

ಈಗ ಮದುವೆಯಲ್ಲಿ ಆಯೇರ ಮಾಡುವವರು ನಿಮ್ಮ ತವಾ ಕೊಡುತ್ತಾರೆ. ಬಂದದ್ದು ಒಲೆ ಏರುತ್ತದೆ. ನಮ್ಮ ಕಡೆ ಒಲೆ ಏರಿದ್ದರ ಮೇಲೆ ಬೀಳುವುದು ಜೋಳದ ರೊಟ್ಟಿ. ನನ್ನ ತಕರಾರು ಅಲ್ಲಿಂದಲೇ ಶುರು.

ರೊಟ್ಟಿ ಮಾಡುವುದನ್ನು ನೀವು ಹತ್ತಿರ ಕೂತು ನೋಡಬೇಕು. ಮೊದಲು ಖಾಲಿ ಹಂಚು ಚೆನ್ನಾಗಿ ಕಾಯಬೇಕು. ನೀರು ಚಿಮುಕಿಸಿದರೆ ಚುರ್ರೆಂದು ಹಾರಿಹೋಗಬೇಕು. ಬಡಿದ ರೊಟ್ಟಿ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ, ಉಬ್ಬಿದ ಮೇಲೆ ತೆಗೆಯುತ್ತಾರೆ. ಎಣ್ಣೆಯ ಮಾತೇ ಇಲ್ಲ. ಇನ್ನೊಂದು ಬಡಿಯುವ ತನಕ ಹಂಚು ಮತ್ತೆ ಬರಿದೇ ಉರಿಯ ಮೇಲಿರುತ್ತದೆ.

ನಿಮ್ಮ ತವಾದ ಟೆಫ್ಲಾನ್ ಲೇಪ ತಾಳದಿರುವುದು ಹೀಗೆ ಬರಿದೇ ಕಾಯುವುದನ್ನೇ. 1938ರಲ್ಲಿ ಅಮೆರಿಕದ ಡುಪಾಂಟ್‌ನಲ್ಲಿ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕ ಟೆಫ್ಲಾನ್‌ನಲ್ಲಿ ಇಂಗಾಲದ ಸರಪಳಿಯನ್ನು ಫ್ಲೋರಿನ್ ಬಿಗಿಯಾಗಿ ಸುತ್ತಿಕೊಂಡಿದೆ. ಅದರಿಂದಲೇ ಅದಕ್ಕೆ ಏನೂ ಅಂಟುವುದಿಲ್ಲ. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪ ಕೆಡತೊಡಗುತ್ತದೆ. 350ರ ಆಚೆ ಒಡೆದು ವಿಷದ ಹೊಗೆ ಬಿಡುತ್ತದೆ. ಆ ಹೊಗೆಗೆ ಮನುಷ್ಯರಿಗೆ ಚಳಿಜ್ವರ ಬಂದದ್ದೂ ಪಂಜರದ ಹಕ್ಕಿಗಳು ಸತ್ತದ್ದೂ ದಾಖಲಾಗಿದೆ. ತೆಳು ಅಲ್ಯೂಮಿನಿಯಂ ತವಾ ದೊಡ್ಡ ಉರಿಯಲ್ಲಿ ಖಾಲಿ ಇದ್ದರೆ ಅಷ್ಟು ಕಾಯಲು ಕೆಲವೇ ನಿಮಿಷ ಸಾಕು.

ಲೇಪದಿಂದ ಉದುರಿದ ಚೂರು ಹೊಟ್ಟೆಗೆ ಹೋದರೆ ಅರಗದೆ ಹಾಗೇ ಹೊರಬೀಳುತ್ತದೆ. ಅದರ ಹೆದರಿಕೆ ನಾನು ಹಬ್ಬಿಸುವುದಿಲ್ಲ. ಆದರೆ ಲೇಪದ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ‘ತೊಡೆದುಹಾಕಬೇಕಾದ ರಾಸಾಯನಿಕಗಳ’ ಪಟ್ಟಿಗೆ ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕ ಎಂದಿತು. ‘ಪಿಎಫ್‌ಒಎ ಮುಕ್ತ’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುತ್ತೀರಿ, ಒಳ್ಳೆಯದೇ. ಓದಿದವರು ಇನ್ನು ಭಯವಿಲ್ಲ ಅಂದುಕೊಳ್ಳುತ್ತಾರೆ. ಬಹಳಷ್ಟು ಡಬ್ಬಿಗಳ ಒಳಗಿರುವುದು ಮಾತ್ರ ಉರಿಗೆ ಒಡೆಯುವ ಅದೇ ಟೆಫ್ಲಾನ್ ಜಾತಿಯ ಲೇಪ.

ಅಂಟದ ಹಂಚಿಗೆ ನಮ್ಮಲ್ಲೇ ಬೇರೆ ದಾರಿಯಿದೆ. ನಮ್ಮ ಎರೆಹೊಲದಲ್ಲಿ ಕುಸುಬಿ ಬೆಳೆಯುತ್ತದೆ. ಅದರ ಎಣ್ಣೆಯ ಹೆಚ್ಚಿನ ಪಾಲು ಲಿನೋಲಿಕ್ ಆಮ್ಲ. ಕಬ್ಬಿಣದ ಹಂಚಿಗೆ ತೆಳ್ಳಗೆ ಸವರಿ ಕಾಯಿಸಿದರೆ ಅದು ಗಾಳಿಯ ಆಮ್ಲಜನಕ ಹೀರಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಕಪ್ಪು ಪದರವಾಗುತ್ತದೆ. ಟೆಫ್ಲಾನ್‌ನಂತೆ ಇದೂ ಸಣ್ಣ ಅಣುಗಳು ಸೇರಿ ಆದ ಪಾಲಿಮರೇ, ಆದರೆ ಫ್ಲೋರಿನ್ ಇಲ್ಲದ್ದು. ಕಿತ್ತುಬಂದರೆ ಮತ್ತೆ ಸವರಿದರಾಯಿತು, ಹೊಸ ಹಂಚು ಕೊಳ್ಳಬೇಕಿಲ್ಲ.

ತವಾ ಮಾರಬೇಡಿ ಎನ್ನುವುದಿಲ್ಲ; ದೋಸೆಗೆ, ಸಣ್ಣ ಉರಿಯ ಪಲ್ಯಕ್ಕೆ ಅದು ಅನುಕೂಲವೇ. ಡಬ್ಬಿಯ ಮೇಲೆ ಕನ್ನಡದಲ್ಲಿ, ನಿಮ್ಮ ಕಂಪನಿಯ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಅಚ್ಚು ಹಾಕಿಸಿ: ‘ಖಾಲಿ ಕಾಯಿಸಬೇಡಿ. ಜೋಳದ ರೊಟ್ಟಿಗೆ ಬಳಸಬೇಡಿ.’ ರೋಣ, ಗಜೇಂದ್ರಗಡದ ಪಾತ್ರೆ ಅಂಗಡಿಯವರಿಗೂ ಇದನ್ನು ಹೇಳಿಕೊಡಿ. ಕೊಳ್ಳುವವರು ಕೇಳುವುದು ಅವರನ್ನೇ.

ಇಂತಿ,
ಅಸೂಟಿಯ ಒಬ್ಬ ಗ್ರಾಹಕಿ