ಮಾಸ್ತರರ ಕೆಂಪು ಪೆನ್ಸಿಲ್

ಕೊಪ್ಪಳದಲ್ಲಿ ಮಳೆಗೆ ಬರ ಬರಬಹುದು, ನಿವೃತ್ತ ಡ್ರಾಯಿಂಗ್ ಮಾಸ್ತರರಿಗೆ ಮಾತ್ರ ಬರವಿಲ್ಲ. ಓಣಿಯ ಹುಡುಗನ ಕೈಯಲ್ಲಿ ಕಾಮಿಕ್ಸ್ ಕಂಡರೆ ಸಾಕು, ಅವರ ಕಿಸೆಯಿಂದ ಕೆಂಪು ಪೆನ್ಸಿಲ್ ತಾನಾಗಿಯೇ ಹೊರಬರುತ್ತದೆ. "ತಾರಲೇ ಇಲ್ಲಿ" ಎಂದರೆಂದರೆ ಪುಸ್ತಕ ಮೌಲ್ಯಮಾಪನಕ್ಕೆ ಹೋಯಿತೆಂದೇ ಲೆಕ್ಕ.

ಮೊದಲು ಚಿತ್ರ. ಮಾಸ್ತರರ ಕಣ್ಣು ಪಳಗಿದ್ದು ಹತ್ತಿರದ ಕಿನ್ನಾಳದಲ್ಲಿ. ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಕೊಟ್ಟ ಗರುಡನ ಎದುರು ಸೂಪರ್‌ಮ್ಯಾನ್ ನಿಲ್ಲಬೇಕು. ಪಾಪ, ನಿಲ್ಲುವುದಿಲ್ಲ.

"ಗರುಡಗ ರೆಕ್ಕಿ ಅದಾವು, ಹಾರತಾನ. ಇವನ ಬೆನ್ನಿಗೊಂದು ಟವೆಲ್! ಟವೆಲ್ ಹಾಕ್ಕೊಂಡು ಹಾರೂದಾದ್ರ ನಮ್ಮೂರ ಲೀಡರ್‌ಗಳೆಲ್ಲ ಇಷ್ಟೊತ್ತಿಗೆ ದಿಲ್ಲಿ ಮುಟ್ಟತಿದ್ರು."

1938ರ ಮೊದಲ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಹಸಿರು ಕಾರೊಂದನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಾನೆ. ಅದರ ಮರುಮುದ್ರಣ ನೋಡಿದ ಮಾಸ್ತರರು ಹುಬ್ಬು ಗಂಟಿಕ್ಕಿದರು. "ನಮ್ಮ ಅಂಜನಾದ್ರಿಯಂವ ಗುಡ್ಡಾನ ಎತ್ತಿದ್ದ, ಅದೂ ಔಷಧಕ್ಕಂತ. ಇಂವ ಮಂದಿ ಕಾರು ಒಡದಾನ. ರೊಕ್ಕ ಯಾರು ಕೊಡ್ತಾರ?"

ಇನ್ನು ಕತೆ. ಅದಕ್ಕೆ ಅವರದು ಒಂದೇ ಪ್ರಶ್ನೆ: ಊರಿಗೇನು ಉಪಯೋಗ? ತುಂಗಭದ್ರೆಯ ಎಡದಂಡೆ ಕಾಲುವೆ ಹಿಡಿದು ಗಂಗಾವತಿ ಭತ್ತ ಬೆಳೆಯುತ್ತದೆ. ಕುಷ್ಟಗಿ, ಯಲಬುರ್ಗಾ ಮುಗಿಲು ನೋಡುತ್ತವೆ.

"ಇಷ್ಟು ಶಕ್ತಿ ಇದ್ದಂವ ಯಲಬುರ್ಗಾಕ್ಕ ನಾಲ್ಕು ಕೊಡ ನೀರು ತಂದಾನೇನು?"

"ಅಜ್ಜಾ, ಅವಂದು ಅಮೆರಿಕಾದಾಗ ಕೆಲಸ."

"ಹಂಗಂದ್ರ ಸಾಫ್ಟ್‌ವೇರ್‌ನಂವ. ಹಬ್ಬಕ್ಕೂ ಬರೂದಿಲ್ಲ ಬಿಡು."

ಮಾಸ್ತರರು ಪೂರ್ತಿ ಅಂಕ ಕೊಟ್ಟ ಕತೆಯೂ ಒಂದಿದೆ, ಅದು ಯಾವ ಕಾಮಿಕ್ಸಿನಲ್ಲೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಇಳಿವಯಸ್ಸಿನ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಭೋರ್ಗರೆವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, ವಾರದಲ್ಲೇ ಬೆಳೆಯ ನೀರು ಉಳಿಸಿದರು. "ಮುಖವಾಡ ಇಲ್ಲ, ಟವೆಲ್ ಇಲ್ಲ. ನೋಡ್ರಿ, ಅಂವ ಹೀರೋ!" ಇಲ್ಲಿ ಮಾತ್ರ ನನಗೂ ತಕರಾರಿಲ್ಲ.

ಪುಸ್ತಕ ವಾಪಸಾಯಿತು. ಕತೆಗೆ 35, ಅಂದರೆ ಮಾಸ್ತರರ ಕಾಲದ ಅಂಚಿನ ಪಾಸು. ಆದರೆ ಹಾರುವ ಸೂಪರ್‌ಮ್ಯಾನ್ ಎಲ್ಲೆಲ್ಲಿದ್ದಾನೋ ಅಲ್ಲೆಲ್ಲ ಅವನಿಗೊಂದು ಉದ್ದನೆಯ ಕೆಂಪು ಬಾಲ ಬಂದಿತ್ತು.

"ಬಾಲ ಇಲ್ದ ಗಾಳ್ಯಾಗ ತೋಲ ಹೆಂಗ ಸಿಗತೈತಿ?" ಎಂದರು ಮಾಸ್ತರರು.

ಹುಡುಗ ಅಳುತ್ತಾನೆಂದುಕೊಂಡೆ. ಅವನು ಮರುದಿನ ಶಾಲೆಯಲ್ಲಿ, ಬಾಲ ಒಮ್ಮೆ ನೋಡಲು ಎರಡು ರೂಪಾಯಿ ಎಂದು ವಸೂಲಿಗೆ ಕೂತಿದ್ದನಂತೆ.